ಐಸ್ ಪೆಟ್ಟಿಗೆ ಮುಚ್ಚಿ ಹೋದ ಕಳ್ಳ

ಆರೋಗ್ಯ ಕೇಂದ್ರದ ಫ್ರಿಜ್ಜಿನ ಬೀಗ ಮುರಿದಿತ್ತು. ಒಳಗಿನ ಮೇಲ್ತಟ್ಟೆ ಖಾಲಿ.

ಸಿಸ್ಟರ್ ಹೇಮಾವತಿ ಬೀಗದ ಕೈ ಹಿಡಿದುಕೊಂಡೇ ನಿಂತುಬಿಟ್ಟರು. ಹಿಂದೆ ಬೆಂಚಿನ ಮೇಲೆ ಕಾಂತಮ್ಮ ಮಲಗಿದ್ದರು. ಸೋಮವಾರ ಬೆಳಿಗ್ಗೆ ಏಳು ಗಂಟೆ. ಈರುಳ್ಳಿ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಕೊಳಕುಮಂಡಲ ಹಾವು ಕಚ್ಚಿತ್ತು. ಕಾಲು ಮೊಣಕಾಲವರೆಗೆ ಊದಿತ್ತು. ಒಸಡಿನಲ್ಲಿ ರಕ್ತ.

“ಬೇಗ ಚುಚ್ರಮ್ಮಾ,” ಎಂದ ಗಂಡ ಚಿಕ್ಕಬೀರಪ್ಪ.

“ಏನ್ ಚುಚ್ಲಣ್ಣಾ? ಔಷಧಿನೇ ಇಲ್ಲ. ಯಾರೋ ಕದ್ದವ್ರೆ.”

ಹತ್ತು ನಿಮಿಷದಲ್ಲಿ ಆಂಬುಲೆನ್ಸ್ ಶಿವಮೊಗ್ಗದ ಕಡೆ ಹೊರಟಿತು. ದಾರಿ ಒಂದೂವರೆ ಗಂಟೆಯದು.

* * *

ಹೊಸಕಟ್ಟೆಯ ಆರೋಗ್ಯ ಕೇಂದ್ರ ಅಜ್ಜಂಪುರಕ್ಕೆ ಹತ್ತು ಕಿಲೋಮೀಟರ್. ಎಸ್‌ಐ ಸುಮಯ್ಯ ಒಂಬತ್ತಕ್ಕೆ ಬಂದರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ಗುರುಮೂರ್ತಿ.

ಫಾರ್ಮಸಿಸ್ಟ್ ಜಯದೇವಪ್ಪ ಆಗಷ್ಟೇ ಕಡೂರಿನ ಬಸ್ಸಿನಿಂದ ಇಳಿದಿದ್ದರು. ಐವತ್ತೇಳು ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಖಾಲಿ ತಟ್ಟೆ ನೋಡಿ ಕುರ್ಚಿಯಲ್ಲಿ ಕುಸಿದರು.

“ಇಪ್ಪತ್ತು ಬಾಟ್ಲಿ ಮೇಡಂ. ಹಾವಿನ ವಿಷಕ್ಕೆ ಕೊಡೋದು. ಒಂದೂ ಬಿಡದೆ ಎತ್ಕೊಂಡು ಹೋಗಿದಾರೆ.”

“ಬೀಗದ ಕೈ ಯಾರ ಹತ್ರ ಇರುತ್ತೆ?”

“ಒಂದು ನನ್ನ ಹತ್ರ. ಇನ್ನೊಂದು ಸಿಸ್ಟರ್ ಹತ್ರ.” ಸ್ವಲ್ಪ ತಡೆದು ಹೇಳಿದರು: “ಅವರ ಭಾವಂದು ತರೀಕೆರೇಲಿ ಮೆಡಿಕಲ್ ಸ್ಟೋರ್ ಇದೆ. ನಾನೇನೂ ಹೇಳ್ತಿಲ್ಲಪ್ಪ. ಇದೆ, ಅಷ್ಟೆ.”

ಬಾಗಿಲಲ್ಲಿ ನಿಂತಿದ್ದ ಹೇಮಾವತಿಯ ಮುಖ ಬಿಳಿಚಿಕೊಂಡಿತು. ಅವರದು ಗುತ್ತಿಗೆ ಕೆಲಸ. ಮೇಲಧಿಕಾರಿಯೊಬ್ಬರು ಆಗಲೇ ಫೋನಿನಲ್ಲಿ ಹೇಳಿಯಾಗಿತ್ತು: ಸಂಜೆಯೊಳಗೆ ಬೇರೆ ಹೆಸರು ಬರದಿದ್ದರೆ ನಾಳೆಯಿಂದ ಬರಬೇಡಿ.

“ನಿನ್ನೆ ಇಲ್ಲಿ ಯಾರಿದ್ರು ಸಿಸ್ಟರ್?”

“ನಾನೊಬ್ಳೇ ಮೇಡಂ. ಮಧ್ಯಾಹ್ನ ಒಂದರಿಂದ ಐದರವರೆಗೆ ಹೆರಿಗೆ ಇತ್ತು. ಆ ರೂಮ್ ಬಿಟ್ಟು ಈಚೆ ಬಂದಿಲ್ಲ. ಎರಡು ಗಂಟೆಗೆ ಕರೆಂಟೂ ಹೋಯ್ತು. ಟಾರ್ಚ್ ಬೆಳಕಲ್ಲಿ ಮಗು ಹಿಡ್ಕೊಂಡಿದ್ದೀನಿ.”

ಸುಮಯ್ಯ ಫ್ರಿಜ್ಜಿನ ಸುತ್ತ ನೋಡಿದರು. ನೆಲದ ಮೇಲೆ ನೀಲಿ ಐಸ್ ಪೆಟ್ಟಿಗೆ. ಮುಚ್ಚಳ ಬಿಗಿಯಾಗಿ ಹಾಕಿತ್ತು. ತೆರೆದರು. ಒಳಗೆ ನಾಯಿ ಕಡಿತದ ಲಸಿಕೆಗಳು. ಸುತ್ತ ಐಸ್ ಪ್ಯಾಕು, ಅರ್ಧ ಕರಗಿದ್ದವು.

“ಇವನ್ನ ಇದರೊಳಗೆ ಯಾರು ಇಟ್ರು?”

“ನಾನಲ್ಲ. ಫ್ರಿಜ್ಜಲ್ಲೇ ಇರ್ಬೇಕಿತ್ತು,” ಎಂದರು ಹೇಮಾವತಿ.

“ನಾನೀಗ ಬರ್ತಿದ್ದೀನಿ,” ಎಂದರು ಜಯದೇವಪ್ಪ.

ಗುರುಮೂರ್ತಿ ನಕ್ಕರು. “ಕಳ್ಳನಿಗೇ ನಾಯಿ ಕಚ್ಚಿರ್ಬೇಕು ಮೇಡಂ.”

ಸುಮಯ್ಯ ನಗಲಿಲ್ಲ. ಗೋಡೆ ನೋಡುತ್ತಿದ್ದರು. ಕಟ್ಟು ಹಾಕಿಸಿದ ಎರಡು ಪ್ರಶಸ್ತಿ ಪತ್ರ. ಒಂದೂ ಔಷಧಿ ವ್ಯರ್ಥ ಮಾಡದ ಕೇಂದ್ರ ಎಂದು ಬರೆದಿತ್ತು. ಕಳೆದ ಎರಡು ವರ್ಷವೂ ಹೊಸಕಟ್ಟೆಗೇ ಸಿಕ್ಕಿತ್ತು.

* * *

ತರೀಕೆರೆಯ ಮೆಡಿಕಲ್ ಸ್ಟೋರಿನಲ್ಲಿ ಹೇಮಾವತಿಯ ಭಾವ ಮುರಳೀಕೃಷ್ಣ ಬೆವರಿದ. ಆದರೆ ಕಪಾಟೆಲ್ಲ ತೆರೆದು ತೋರಿಸಿದ. ಹಾವಿನ ಔಷಧಿ ಆರು ಬಾಟ್ಲಿ ಸಿಕ್ಕಿತು. ಬಿಲ್ಲು ಸರಿಯಿತ್ತು.

“ಸರ್ಕಾರಿ ಮಾಲಿನ ಮೇಲೆ ಮಾರಾಟಕ್ಕಿಲ್ಲ ಅಂತ ಅಚ್ಚು ಒತ್ತಿರ್ತಾರೆ. ಯಾರು ತಗೋತಾರೆ ಮೇಡಂ? ನಾದಿನಿ ಮೇಲೆ ಹೀಗೆಲ್ಲ ಅನುಮಾನ ಪಡ್ಬೇಡಿ. ಅವಳು ಇಲ್ಲಿಂದ ಒಂದು ಬ್ಯಾಂಡೇಜ್ ಕೂಡ ಪುಕ್ಕಟೆ ಒಯ್ದವಳಲ್ಲ.”

“ಯಾರಾದ್ರೂ ಕಡಿಮೆಗೆ ತಂದ್ಕೊಟ್ರೆ?”

“ಮೊದ್ಲು ಡೇಟ್ ನೋಡ್ತೀನಿ. ಅವಧಿ ಮುಗಿದಿದ್ರೆ ಅದು ಬರೀ ನೀರು ಕಣ್ರೀ.”

ಸುಮಯ್ಯ ಜೀಪು ಹತ್ತಿದರು. ಗುರುಮೂರ್ತಿಗೆ ಹೇಳಿದರು: “ವಾಪಸ್ ಹೊಸಕಟ್ಟೆಗೆ. ಡೇಟ್ ನೋಡೋದನ್ನ ನಾವು ಮರೆತ್ವಿ.”

* * *

ಮಧ್ಯಾಹ್ನ ಎರಡು ಗಂಟೆ. ಮೇಜಿನ ಮೇಲೆ ಎರಡು ರಿಜಿಸ್ಟರು. ಜಯದೇವಪ್ಪನವರ ಅಕ್ಷರ ಅಚ್ಚುಕಟ್ಟು. ಒಂದು ಕಡೆಯೂ ಹೊಡೆದುಹಾಕಿದ್ದಿಲ್ಲ.

“ಇಪ್ಪತ್ತು ಬಾಟ್ಲಿ ಬಂದು ಎರಡು ವರ್ಷ ಆಯ್ತು,” ಎಂದರು ಸುಮಯ್ಯ. “ಅವಧಿ ಮುಗಿದದ್ದು ಹೋದ ತಿಂಗಳ ಕೊನೇ ದಿನ. ಈ ಎರಡು ವರ್ಷದಲ್ಲಿ ಹಾವು ಕಚ್ಚಿಸಿಕೊಂಡು ಬಂದವರು ಒಂಬತ್ತು ಜನ. ಒಂಬತ್ತೂ ಜನರನ್ನ ಮೇಲಿನ ಆಸ್ಪತ್ರೆಗೆ ಕಳಿಸಿದ್ದೀರಿ. ಬಳಸಿದ ಔಷಧಿ, ಸೊನ್ನೆ. ಯಾಕೆ ಸಿಸ್ಟರ್?”

ಹೇಮಾವತಿ ತಲೆ ತಗ್ಗಿಸಿದರು. “ಡಾಕ್ಟರು ವಾರಕ್ಕೆ ಮೂರು ದಿನ ಬರ್ತಾರೆ. ಮಿಕ್ಕ ದಿನ ನಾವೇ. ವಿಷ ಏರಿದೆ ಅಂತ ಫೋನಲ್ಲಿ ಹೇಳಿದ್ರೆ ಡಾಕ್ಟರು ಕೊಡಿ ಅಂತಿದ್ರು. ಜಯದೇವಪ್ಪ ಸಾರ್ ಬಿಡ್ತಿರಲಿಲ್ಲ. ಇನ್ನೂ ಜೋರಿನ ಕೇಸ್ ಬರುತ್ತೆ, ಇರ್ಲಿ ಅನ್ನೋರು. ಇವತ್ತು ಅವರಿನ್ನೂ ಬಂದಿರಲಿಲ್ಲ. ಅದಕ್ಕೇ ನಾನೇ ಫ್ರಿಜ್ ಹತ್ರ ಓಡಿದ್ದು.”

“ಒಬ್ಬರಿಗೇ ಹತ್ತು ಬಾಟ್ಲಿ ಹೋಗುತ್ತೆ ಮೇಡಂ,” ಎಂದರು ಜಯದೇವಪ್ಪ. “ಬೆಲೆ ಗೊತ್ತಾ? ದೊಡ್ಡಾಸ್ಪತ್ರೇಲಿ ಹೇಗೂ ಕೊಡ್ತಾರೆ. ಉಳಿಸೋದು ತಪ್ಪಾ?”

“ಹಾಗಾದ್ರೆ ಅವಧಿ ಮುಗಿಯೋ ಮುಂಚೆ ಆ ಆಸ್ಪತ್ರೆಗೇ ಕೊಡಬಹುದಿತ್ತು.”

“ಕೊಟ್ರೆ ಇಲ್ಲಿ ಖಾಲಿ ಆಗಲ್ವಾ? ಬೇಕಾದಾಗ ಏನ್ಮಾಡೋದು?”



“ಬುಧವಾರ ಚಿಕ್ಕಮಗಳೂರಿಂದ ತಪಾಸಣೆ,” ಎಂದರು ಸುಮಯ್ಯ. “ಇಪ್ಪತ್ತು ಬಾಟ್ಲಿ ವ್ಯರ್ಥ ಅಂತ ಬರೀಬೇಕು. ಗೋಡೆ ಮೇಲಿನ ಪತ್ರಕ್ಕೆ ಬೆಲೆ ಇರಲ್ಲ. ಕಳುವಾದ್ರೆ ವ್ಯರ್ಥದ ಲೆಕ್ಕಕ್ಕೆ ಬರಲ್ಲ. ಇಲ್ಲಿಂದ ಬರೀ ನೀರು ಕದಿಯೋಕೆ ಹೊರಗಿನ ಕಳ್ಳನಿಗೆ ಕಾರಣ ಇಲ್ಲ. ಸಿಸ್ಟರಿಗೂ ಇಲ್ಲ.”

“ಸಾಕ್ಷಿ?”

“ಐಸ್ ಪೆಟ್ಟಿಗೆ. ಬೀಗ ಒಡೆದದ್ದು ನಿನ್ನೆ ಸಿಸ್ಟರ್ ಹೆರಿಗೆ ರೂಮಲ್ಲಿದ್ದಾಗ, ಕರೆಂಟ್ ಇರಲಿಲ್ಲ. ಬಾಗಿಲು ತೆರೆದ್ರೆ ಒಳಗಿನ ತಂಪು ಹೋಗುತ್ತೆ. ಕಳ್ಳನಿಗೆ ನಾಯಿ ಲಸಿಕೆ ಕೆಟ್ರೆ ಏನು? ಆದ್ರೂ ಇವನು ನಿಂತು, ಐಸ್ ಜೋಡಿಸಿ, ಮುಚ್ಚಳ ಹಾಕಿ ಹೋದ. ಇಷ್ಟು ಒದ್ದಾಟ ಯಾಕೆ ಬೇಕಿತ್ತು ಅವನಿಗೆ?”

“ಮತ್ತೆ ಹಾಳಾಗೋಕೆ ಬಿಡೋದಾ?” ಜಯದೇವಪ್ಪ ರೇಗಿದರು. “ಅದಕ್ಕಿನ್ನೂ ಎಂಟು ತಿಂಗಳು ಟೈಮಿತ್ತು!”

ಗುರುಮೂರ್ತಿ ಆ ಮಾತನ್ನು ಹಾಗೇ ಬರೆದುಕೊಂಡರು.

ಜಯದೇವಪ್ಪ ಮೆಲ್ಲಗೆ ಹೇಳಿದರು: “ನಾನು ತೆಗೀದೇ ಇದ್ದಿದ್ರೂ ಕಾಂತಮ್ಮನಿಗೆ ಅದು ಪ್ರಯೋಜನ ಇರಲಿಲ್ಲ ಮೇಡಂ. ಡೇಟ್ ಮುಗಿದಿತ್ತು.”

“ಗೊತ್ತು. ಮುಗಿಯೋ ಮುಂಚೆ ಬಂದವರ ಪೈಕಿ ಇಬ್ಬರು ದಾರೀಲೇ ತೀರಿಹೋದ್ರು. ಅದೂ ನಿಮ್ಮ ರಿಜಿಸ್ಟರಲ್ಲೇ ಇದೆ. ಚೆನ್ನಾಗಿ ಬರೆದಿದ್ದೀರಿ.”

* * *

ಬಾಟ್ಲಿಗಳು ಕಡೂರಿನ ಅವರ ಮನೆಯಲ್ಲಿ ಸಿಕ್ಕವು. ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿನ ಪಾತ್ರೆಯ ಪಕ್ಕ. ಸಾಲಿಗೆ ಐದರಂತೆ ನಾಲ್ಕು ಸಾಲು.

“ಬಿಸಾಡೋಕೆ ಮನಸ್ಸು ಬರಲಿಲ್ಲ,” ಎಂದರು ಜಯದೇವಪ್ಪ. ಜೀಪು ಹತ್ತುವ ಮುಂಚೆ ಅಡುಗೆಮನೆಯ ದೀಪ ಆರಿಸಿದರು.

ಕಾಂತಮ್ಮ ಉಳಿದರು. ಮೂತ್ರಪಿಂಡಕ್ಕೆ ಪೆಟ್ಟಾಗಿ ಐದು ಸಲ ಡಯಾಲಿಸಿಸ್ ಆಯಿತು. ಹೇಮಾವತಿಯ ಕೆಲಸವೂ ಉಳಿಯಿತು. ಮುಂದಿನ ವಾರ ಹೊಸ ಔಷಧಿ ಬಂತು. ತಿಂಗಳೊಳಗೆ ಅದರಲ್ಲಿ ಹತ್ತು ಬಾಟ್ಲಿ ಮುಗಿಯಿತು. ಆಂಬುಲೆನ್ಸಿಗೆ ಕಾಯದೆ, ಮೊದಲ ಸಲ, ಹೊಸಕಟ್ಟೆಯಲ್ಲೇ ಒಬ್ಬ ಮುದುಕನಿಗೆ ವಿಷ ಇಳಿದಿತ್ತು.

ಮುರಿದ ಬೀಗವನ್ನು ಸಾಕ್ಷಿಗೆಂದು ಒಯ್ಯಲು ಬಂದ ಗುರುಮೂರ್ತಿ ಕೇಳಿದರು: “ಹೊಸ ಬೀಗ ಹಾಕಿಸ್ಲಾ ಸಿಸ್ಟರ್?”

“ಬೇಡ ಸಾರ್,” ಎಂದರು ಹೇಮಾವತಿ. “ಬಾಗಿಲು ಸರಿಯಾಗಿ ಮುಚ್ಕೊಂಡ್ರೆ ಸಾಕು.”