ಅದೂ ಐವತ್ತು, ಇದೂ ಐವತ್ತು

2014ರ ಜನವರಿ 9, ಬೆಳಿಗ್ಗೆ 10.40. ಮುಧೋಳ ಠಾಣೆಗೆ ಬಂದ ಲಗಮಣ್ಣ, ತನ್ನ ಅಣ್ಣ ಶಂಕರೆಪ್ಪನಿಗೆ ಅತ್ತಿಗೆ ತಾಯವ್ವ ವಿಷ ಹಾಕಿ ಕೊಂದಿದ್ದಾಳೆಂದು ದೂರು ಕೊಟ್ಟ. ಸೊಂಟನೋವು ಬಿಟ್ಟರೆ ಅಣ್ಣನಿಗೆ ಬೇರೆ ಕಾಯಿಲೆಯೇ ಇರಲಿಲ್ಲವಂತೆ. ಇನ್‌ಸ್ಪೆಕ್ಟರ್ ಚಿದಾನಂದ ಎಫ್‌ಐಆರ್ ದಾಖಲಿಸಿ, ಇಬ್ಬರು ಪೇದೆಗಳೊಂದಿಗೆ ಪಂಚನಾಮೆಗೆಂದು ಶಂಕರೆಪ್ಪನ ಮನೆಗೆ ಹೊರಟ.

ಹೆಣದ ಬೆನ್ನಿಗೆ ಬೆಂಕಿಪೊಟ್ಟಣದಗಲದ ತೆಳು ಪಟ್ಟಿ ಅಂಟಿತ್ತು. ಸುತ್ತ ಶಾಖ ಕೊಟ್ಟ ಕೆಂಪು ಗುರುತು, ಪಕ್ಕದಲ್ಲಿ ಬಟ್ಟೆ ಸುತ್ತಿದ ಇಟ್ಟಿಗೆ. ಶಂಕರೆಪ್ಪ ಸೊಂಟನೋವಿಗೆ ದಿನಾ ನುಂಗುತ್ತಿದ್ದ ಟ್ರಮಡಾಲ್ ಗುಳಿಗೆಯ ಮೇಲೆ 50 ಮಿಲಿಗ್ರಾಂ ಎಂದಿತ್ತು. ಪಟ್ಟಿಯ ಪಾಕೀಟಿನ ಮೇಲೆ ಫೆಂಟನಿಲ್, 50 ಮೈಕ್ರೋಗ್ರಾಂ. ಮಿಲಿಗಿಂತ ಮೈಕ್ರೋ ಸಾವಿರ ಪಾಲು ಸಣ್ಣದೆಂದು ಸಾಲೆಯಲ್ಲಿ ಕಲಿತದ್ದು ಚಿದಾನಂದನಿಗೆ ನೆನಪಿತ್ತು. ದೊಡ್ಡದನ್ನು ನುಂಗಿ ಬದುಕಿದ್ದವನು ಸಣ್ಣದನ್ನು ಅಂಟಿಸಿಕೊಂಡು ಸಾಯುವುದೆಂದರೇನು? ಅವನ ತಲೆ ಮೊಸರುಗಡಿಗೆಯಾಯಿತು.

"ಪಟ್ಟಿ ಎಲ್ಲಿಂದ ಬಂತವ್ವಾ?" ಎಂದು ಚಿದಾನಂದ ತಾಯವ್ವನನ್ನು ಕೇಳಿದ.

"ಬಾಜೂ ಮನಿ ಸಿದ್ದಕ್ಕ ಕೊಟ್ಟಳ್ರಿ," ಎಂದಳು ತಾಯವ್ವ. "ಇಟ್ಟಂಗಿ ಕಾಸಿ ಇಟ್ಟಾಕಿ ನಾನ."

ಶವಪರೀಕ್ಷೆ ಮಾಡಿದ ವೈದ್ಯರು ತಾಳ್ಮೆಯಿಂದ ತಿಳಿಹೇಳಿದರು. ಎರಡೂ ಅಫೀಮಿನ ಬಳಗದ ಔಷಧಗಳೇ, ಆದರೆ ಕಸುವು ಒಂದಲ್ಲ. ಟ್ರಮಡಾಲ್‌ಗಿಂತ ಮಾರ್ಫಿನ್ ಸುಮಾರು ಹತ್ತು ಪಟ್ಟು ಬಲ, ಮಾರ್ಫಿನ್‌ಗಿಂತ ಫೆಂಟನಿಲ್ ನೂರು ಪಟ್ಟು. ಪಾಕೀಟಿನ ಐವತ್ತು ಕೂಡ ಒಂದೇ ಗಂಟೆಯದು. ಪಟ್ಟಿ ಮೂರು ದಿನ, ಗಂಟೆಗೊಂದು ಗುಳಿಗೆ ನುಂಗಿದ ಹಾಗೆ, ಬಿಡದೆ ಮೈಗಿಳಿಯುತ್ತದೆ. ಕ್ಯಾನ್ಸರಿನವರ ಹಾಗೆ ಬಲವಾದ ಔಷಧಕ್ಕೆ ಮೈ ಒಗ್ಗಿದವರಿಗಷ್ಟೇ ಅದು. ಶಾಖ ತಗುಲಿದರೆ ಬೇಗ ಬೇಗ ಒಳಗಿಳಿದು, ನಿದ್ದೆಯಲ್ಲೇ ಉಸಿರು ನಿಂತುಹೋಗಬಹುದು.

ಹಾಗಾದರೆ ಕೊಂದದ್ದು ಪಟ್ಟಿಯೋ, ಇಟ್ಟಿಗೆಯೋ? ಯಾರ ಹೆಸರು ಬರೆಯಬೇಕೋ ಚಿದಾನಂದನಿಗೆ ತಿಳಿಯಲಿಲ್ಲ. ಸದ್ಯಕ್ಕೆ ಕೊಲೆಯ ಆರೋಪ ತಾಯವ್ವನ ಮೇಲೆಯೇ ಇತ್ತು.

ಸಂಜೆ ಸಿದ್ದಕ್ಕ ಏನನ್ನೂ ಮುಚ್ಚಿಡಲಿಲ್ಲ. ಹಿಂದಿನ ವರ್ಷ ಕ್ಯಾನ್ಸರಿನಿಂದ ತೀರಿಕೊಂಡ ಗಂಡನಿಗೆ ತಂದಿದ್ದ ಪಟ್ಟಿಗಳು ಉಳಿದಿದ್ದವು.

"ಗುಳಿಗಿ ಮ್ಯಾಲೂ ಐವತ್ತ, ಪಟ್ಟಿ ಮ್ಯಾಲೂ ಐವತ್ತ. ಎರಡೂ ಒಂದ ಅಂತ ತಿಳಿದ್ನಿರಿ. ಇಟ್ಟಂಗಿ ಕಾಸಿ ಇಡು ಅಂತ ತಾಯವ್ವಗ ಹೇಳಿದಾಕೀನೂ ನಾನ."

ಏಪ್ರಿಲ್ 22ರಂದು ಪ್ರಯೋಗಾಲಯದ ವರದಿ ಬಂತು. ಆ ಎರಡು ಔಷಧ ಬಿಟ್ಟು ಬೇರೆ ವಿಷವಿಲ್ಲ. ಕೊಲೆಯ ಆರೋಪ ಕೈಬಿಟ್ಟು, ಮಧ್ಯಾಹ್ನ 3.15ಕ್ಕೆ ಕಲಂ 304-ಎ ಅಡಿ ಸಿದ್ದಕ್ಕನನ್ನು ಬಂಧಿಸಲಾಯಿತು.

"ನೀ ಯಾಕ ಕೊಡಾಕ ಹೋದಿ?" ಚಿದಾನಂದ ಕೇಳಿದ.

"ನಮ್ಮ ಮನಿಯವರು ನೋವಿಗೆ ಒದರೂಮುಂದ ಓಣ್ಯಾಗಿನವರೆಲ್ಲಾ ಕಿಡಕಿ ಹಾಕ್ಕೊಂಡ್ರು ಸಾಹೇಬ್ರ. ಶಂಕರಣ್ಣ ನರಳೂಮುಂದ ನನಗ ಹಾಕ್ಕೊಳ್ಳಾಕ ಆಗಲಿಲ್ಲ."

ಬಂಧನದ ಕಾಗದದಲ್ಲಿ ಕಾರಣ ಬರೆಯುವ ಜಾಗಕ್ಕೆ ಬಂದಾಗ ಚಿದಾನಂದನ ಪೆನ್ನು ನಿಂತಿತು. ಆ ಕಲಂ ಕೇಳುವ ಮಾತು ಒಂದೇ, ನಿರ್ಲಕ್ಷ್ಯ. ಇಡೀ ಓಣಿಯಲ್ಲಿ ನಿರ್ಲಕ್ಷ್ಯ ಮಾಡದವಳು ಇವಳೊಬ್ಬಳೇ ಅಲ್ಲವೇ ಎಂದುಕೊಂಡ. ಆದರೂ ‘ನಿರ್ಲಕ್ಷ್ಯ’ ಎಂದೇ ಬರೆದು, ಸಹಿಗೆಂದು ಅವಳ ಮುಂದಿಟ್ಟ.