ಗೋಡೆಯ ಮೇಲೆ ಇಳಿದ ಗೆರೆ

ಮೃದಂಗದ ನಡೆ ಕೂದಲೆಳೆಯಷ್ಟು ಹಿಂದೆ ಬಿದ್ದದ್ದೇ ತಡ, ಸಭಾಂಗಣದ ಗೋಡೆಯ ಮೇಲಿನ ಹಸಿರು ಗೆರೆ ಕೆಳಗೆ ಜಾರಿತು. ಕಿವಿಗೆ ಸಿಗದ್ದು ‘ಲಯದರ್ಶಿ’ ಯಂತ್ರಕ್ಕೆ ಸಿಕ್ಕಿತ್ತು. ಮೈಸೂರಿನ ರಸಿಕರು ಹಾಡುವವಳನ್ನು ಬಿಟ್ಟು ಗೋಡೆ ನೋಡಿ ಲೊಚಗುಟ್ಟಿದರು.

ಯಂತ್ರ ಡಾ. ಸುಚೇತಾಳದು. ಅವಳ ಓದೆಲ್ಲ ಪಲ್ಸಾರ್‌ಗಳದ್ದು. ಪಲ್ಸಾರ್ ಎಂದರೆ ಸತ್ತ ತಾರೆಯ ತಿರುಳು. ಬುಗುರಿಯಂತೆ ಸುತ್ತುತ್ತ ರೇಡಿಯೊ ಮಿಡಿತ ಕಳಿಸುತ್ತದೆ, ಗಡಿಯಾರಕ್ಕೇ ಪಾಠ ಹೇಳುವಷ್ಟು ಕರಾರುವಾಕ್ಕಾಗಿ. ಆದರೆ ತನ್ನ ಶಕ್ತಿಯನ್ನು ಹೊರಗೆ ಚೆಲ್ಲುತ್ತ ಚೆಲ್ಲುತ್ತ ಅದೂ ನಿಧಾನವಾಗುತ್ತದೆ. ಆ ಸೂಕ್ಷ್ಮ ನಿಧಾನವನ್ನು ಹಿಡಿಯುವ ಲೆಕ್ಕವನ್ನೇ ಸುಚೇತಾ ಭೂಮಿಗಿಳಿಸಿದ್ದಳು. ಇಪ್ಪತ್ತೊಂದನೆಯ ಶತಮಾನ ಅರ್ಧ ದಾಟುವ ಹೊತ್ತಿಗೆ ರೋಗಿಯ ನಾಡಿ, ಬಸ್ ಚಾಲಕನ ಕೈ, ಕಾರ್ಖಾನೆಯವರ ಕೆಲಸ, ಎಲ್ಲಕ್ಕೂ ಲಯದರ್ಶಿ ಬಂದಿತ್ತು. ದುಡಿಯುವವರಲ್ಲಿ ಗೆರೆ ಇಳಿದವರನ್ನು ಕೆಲಸ ಬಿಡಿಸಿ ಮನೆಗೆ ಕಳಿಸುವುದು ರೂಢಿಯಾಗಿತ್ತು.

ಇಂದು ಹಾಡುತ್ತಿದ್ದವಳು ಅವಳ ಮಗಳು ಇಂಚರ, ಮೊದಲ ಕಚೇರಿ. ಮೃದಂಗಕ್ಕೆ ಹಿರಿಯರಾದ ಶ್ರೀಕಂಠಯ್ಯ ಮೇಷ್ಟ್ರು.

ಮಂಗಳ ಮುಗಿದೊಡನೆ ವೇದಿಕೆಯ ಹಿಂದೆ ಬಂದ ಸುಚೇತಾಳ ಬಳಿಗೆ ಸಭೆಯ ಕಾರ್ಯದರ್ಶಿ ಓಡಿಬಂದರು. “ಮೇಡಂ, ಮೇಷ್ಟ್ರ ಕಾಲಪ್ರಮಾಣ ಜಾರ್ತಾ ಇದೆ. ಇನ್ಮೇಲೆ ಕರೆಯೋದು ಬೇಡ ಅಲ್ವಾ?”

ಮೇಷ್ಟ್ರು ಅಲ್ಲೇ ಮೃದಂಗಕ್ಕೆ ಗವಸು ಹಾಕುತ್ತಿದ್ದರು. ಅವರಿಗೆ ಕೇಳಿಸುವಂತೆಯೇ ಸುಚೇತಾ, “ಗೆರೆಗೆ ದಾಕ್ಷಿಣ್ಯ ಗೊತ್ತಿಲ್ಲ, ನೋಡಿ,” ಎಂದಳು.

“ಹೌದಮ್ಮ, ವಯಸ್ಸಾಯ್ತಲ್ಲ,” ಎಂದು ಮೇಷ್ಟ್ರು ಹೊರಟುಬಿಟ್ಟರು.

ವೇದಿಕೆಯಿಂದ ಇಳಿದು ಬಂದು ಇದನ್ನೆಲ್ಲ ಕೇಳಿಸಿಕೊಂಡಿದ್ದ ಇಂಚರ ಅಮ್ಮನ ತೋಳು ಹಿಡಿದೆಳೆದಳು. “ಏನಮ್ಮ ನೀನು! ಪಲ್ಲವೀಲಿ ನಂಗೆ ಉಸಿರು ಕಟ್ಬಿಡ್ತು. ತಾಳ ತಪ್ಪೋದ್ರಲ್ಲಿದ್ದೆ. ಅವರು ನಡೆ ಎಳೆದು ಹಿಡಿದು ನನ್ನ ಕಾಯ್ದ್ರು. ನನ್ನ ಮಾನ ಹೋಗ್ಬಾರ್ದು ಅಂತ ಈಗ್ಲೂ ಬಾಯಿ ಬಿಡ್ಲಿಲ್ಲ!” ಎಂದವಳೇ ಕಣ್ಣೊರೆಸಿಕೊಂಡು ವೇದಿಕೆಯ ಕಡೆ ನಡೆದಳು.

ಸುಚೇತಾ ನಾಚಿಕೆಯಿಂದ ಹಿಡಿಯಾದಳು. ‘ಪಲ್ಸಾರ್ ನಿಧಾನವಾದಂತೆ ಕಂಡರೆ ಮೊದಲು ಪಕ್ಕದಲ್ಲಿ ಜೊತೆಗಾರ ತಾರೆ ಇದೆಯೇ ನೋಡಿ, ಅದರ ಸೆಳೆತಕ್ಕೂ ಮಿಡಿತ ತಡವಾಗುತ್ತದೆ’ ಎಂದು ವಿದ್ಯಾರ್ಥಿಗಳಿಗೆ ಗಿಣಿಪಾಠ ಮಾಡಿಸಿದವಳು ತಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಜೊತೆಗಾರರನ್ನು ನೋಡುವುದನ್ನು ಲಯದರ್ಶಿಗೆ ಅವಳು ಕಲಿಸಿಯೇ ಇರಲಿಲ್ಲ. ಇಷ್ಟು ದಿನ ಮನೆಗೆ ಹೋದವರಲ್ಲಿ ಯಾರು ಯಾರಿಗಾಗಿ ನಿಧಾನವಾಗಿದ್ದರೋ.

ಗೇಟಿನ ಬಳಿ ಮೇಷ್ಟ್ರು ಆಟೋ ಕಾಯುತ್ತಿದ್ದರು. “ತಪ್ಪಾಯ್ತು ಮೇಷ್ಟ್ರೇ. ಒಳಗೆ ಬನ್ನಿ, ಎಲ್ಲರ ಎದುರಿಗೇ ಹೇಳ್ತೀನಿ,” ಎಂದಳು ಸುಚೇತಾ.

“ಬೇಡಮ್ಮ, ಮಗು ಹೆಸರು ಯಾಕೆ...” ಎನ್ನುವಷ್ಟರಲ್ಲಿ ಒಳಗಿನ ಮೈಕಿನಿಂದ ಇಂಚರಳ ನಡುಗುವ ದನಿ ಬಂತು: “ಜಾರಿದ್ದು ನಾನು. ಮೇಷ್ಟ್ರಲ್ಲ.”

“ಅಯ್ಯೋ, ಹುಚ್ಚು ಹುಡುಗಿ!” ಎಂದರೂ ಮೇಷ್ಟ್ರ ಮುಖ ಅರಳಿತು. “ಆದ್ರೆ ಕಲ್ಯಾಣಿ ಎಷ್ಟು ಚೆನ್ನಾಗಿ ಹಾಡಿದ್ಲಮ್ಮ! ಆಲಾಪನೇಲಿ ಒಂದು ಕಡೆ ನಂಗೆ ಕಣ್ಣಲ್ಲಿ ನೀರೇ ಬಂತು. ಹೆತ್ತವರು ನೀವು, ನಿಮಗೆ ಹೇಗಾಗಿರ್ಬೇಡ!”

ಸುಚೇತಾ ತಲೆ ತಗ್ಗಿಸಿದಳು. ಮಗಳ ಮೊದಲ ಕಚೇರಿಯುದ್ದಕ್ಕೂ ಅವಳ ಕಣ್ಣು ಗೋಡೆಯ ಮೇಲಿತ್ತು. ಹಾಡನ್ನು ಅವಳು ಕೇಳಿರಲೇ ಇಲ್ಲ.