ಎಡಗೈ ಎತ್ತಿದವರು

ಅವತ್ತು ನನ್ನ ಏಳನೇ ತರಗತಿಯಲ್ಲಿ ಎಡಗೈ ಎತ್ತಿದವರು ಹನ್ನೆರಡು ಜನ. ಹನ್ನೊಂದು ಮಂದಿ ನನ್ನ ಮಕ್ಕಳು. ಹನ್ನೆರಡನೆಯವರು ನಮ್ಮ ಶಾಲೆಯ ಗುಣಮಟ್ಟ ಅಳೆಯಲು ಅರಸೀಕೆರೆಯಿಂದ ಬಂದಿದ್ದ ಅಧಿಕಾರಿ.

ಇದರಲ್ಲೊಂದು ಕಳ್ಳಾಟವಿದೆ, ಮೊದಲೇ ಹೇಳಿಬಿಡುತ್ತೇನೆ. ಇನ್ಸ್‌ಪೆಕ್ಷನ್ ದಿನ ಟೀಚರ್ ಪ್ರಶ್ನೆ ಕೇಳಿದರೆ ಎಲ್ಲ ಮಕ್ಕಳೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನಾನು ಬಲಗೈಯವರನ್ನು ಮಾತ್ರ ಎಬ್ಬಿಸುತ್ತೇನೆ. ನೋಡುವವರಿಗೆ ಇಡೀ ತರಗತಿಯೇ ಜಾಣರ ಸಂತೆ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಹೆಡ್‌ಮಾಸ್ಟರ್ ಶಿವಕುಮಾರ್ ಸರ್. ಅವರಿಗೆ ಹೇಳಿಕೊಟ್ಟವರು ಅವರ ಹೆಡ್‌ಮಾಸ್ಟರ್.

ಎರಡು ಪ್ರಶ್ನೆ ಚೆನ್ನಾಗಿಯೇ ದಾಟಿದವು. ಮೂರನೆಯದಾಗಿ, "ಎಲೆ ಯಾಕೆ ಹಸಿರಾಗಿರುತ್ತೆ?" ಅಂದೆ. ಇಪ್ಪತ್ನಾಲ್ಕು ಕೈಗಳು ಎದ್ದವು. ಆಗ ಹಿಂದಿನ ಬೆಂಚಿನಲ್ಲಿ, ಮಕ್ಕಳ ನಡುವೆ ಮೊಣಕಾಲು ಇಕ್ಕಟ್ಟು ಮಾಡಿಕೊಂಡು ಕೂತಿದ್ದ ಆ ಮನುಷ್ಯ ಫೈಲನ್ನು ಪಕ್ಕಕ್ಕಿಟ್ಟು, ನಿಧಾನವಾಗಿ ತಮ್ಮ ಎಡಗೈ ಎತ್ತಿದರು. ಕಣ್ಣು ನನ್ನ ಮೇಲೇ ಇತ್ತು. ತುಟಿ ಗಂಭೀರವಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು.

"ಏನ್ ಸರ್?" ಅಂದೆ. ನನ್ನ ಕಿವಿಯವರೆಗೂ ಬಿಸಿಯೇರಿತ್ತು.

"ನಂಗೂ ಗೊತ್ತಿಲ್ಲ ಮೇಡಂ. ಅದಕ್ಕೇ ಎಡಗೈ."

ಮಕ್ಕಳು ಹೋ ಎಂದು ನಕ್ಕವು. ನನಗೆ ಆ ಕ್ಷಣ ಡಸ್ಟರ್ ತೆಗೆದು ಅವರ ಮೇಲೆ ಎಸೆಯಬೇಕೆನಿಸಿತು. ಮೊದಲ ದಿನವೇ ಪ್ರೀತಿ ಬಂತು ಅಂತ ನಾನು ಸುಳ್ಳು ಹೇಳುವುದಿಲ್ಲ.

ಬೆಲ್ ಹೊಡೆದ ಮೇಲೆ ಜಗಲಿಯಲ್ಲಿ ಅಡ್ಡ ಹಾಕಿದೆ. "ಹೇಗೆ ಗೊತ್ತಾಯ್ತು ನಿಮಗೆ?"

"ಹಾರನಹಳ್ಳಿ ಶಾಲೇಲಿ ನಾನು ಎಡಗೈ ಹುಡುಗ. ಎತ್ತಿ ಎತ್ತಿ ರೆಟ್ಟೆ ನೋಯ್ತಿತ್ತು, ಒಂದಿನಾನೂ ನನ್ನ ಹೆಸರು ಕರೀಲಿಲ್ಲ. ಆಮೇಲಾಮೇಲೆ ಎಡಗೈನೂ ಬೇಡ ಅಂದ್ರು. ಇನ್ಸ್‌ಪೆಕ್ಟರ್ ಬರೋ ದಿನ ಶಾಲೆಗೇ ಬರಬೇಡ ಕಣೋ ಅಂದ್ರು. ಕೆರೆ ಏರಿ ಮೇಲೆ ಕೂತ್ಕೊಂಡು ಕಲ್ಲೆಸೀತಿದ್ದೆ."

ನಗುತ್ತಲೇ ಹೇಳಿದರು. ನಾನೂ ನಕ್ಕೆ. ಆಗ ನಗಬಾರದಿತ್ತು.

ಅವರ ಹೆಸರು ಇಂದ್ರೇಶ್. ಮಾತಿನಲ್ಲಿ ಮೆದು, ಪೆನ್ನಿನಲ್ಲಿ ಕಟ್ಟುನಿಟ್ಟು. "ಇವತ್ತಿಗೆ ನಿಮ್ಮ ಶಾಲೆಗೆ ಸಿ ಗ್ರೇಡು ಮೇಡಂ. ಜನವರಿಯಲ್ಲಿ ಎರಡನೇ ಸುತ್ತು ಇರುತ್ತೆ, ಅದೇ ಕೊನೇದು," ಅಂದರು. ಆಗಲೂ ಸಿ ಬಂದರೆ ಆರು, ಏಳು, ಎಂಟನೇ ತರಗತಿಗಳನ್ನು ಮುಚ್ಚಿ ಹಳೇಬೀಡಿನ ಶಾಲೆಗೆ ಸೇರಿಸುತ್ತಾರೆಂದು ನಮಗೆಲ್ಲ ಗೊತ್ತಿತ್ತು.

"ನಮ್ಮೂರೋರು ಹೆಣ್ಮಕ್ಕಳನ್ನ ಹಳೇಬೀಡಿಗೆ ಕಳಿಸಲ್ಲ ಸರ್. ಐದಕ್ಕೇ ಬಿಡಿಸ್ತಾರೆ."

"ಅದಕ್ಕೆ ಸುಳ್ಳು ಗ್ರೇಡ್ ಕೊಡ್ಲಾ?"

"ಕೊಡಿ ಅಂದ್ನಾ ನಾನು?"

"ಬಾಯಲ್ಲಿ ಅನ್ನಲಿಲ್ಲ. ಮುಖ ಅಂತಿದೆ."

"ನನ್ನ ಮುಖ ಅಳೆಯೋಕೂ ನಿಮ್ಮ ಫೈಲಲ್ಲಿ ಕಾಲಂ ಇದ್ಯಾ?"

ಅವರು ನಿಜವಾಗಿಯೂ ಫೈಲ್ ಬಿಚ್ಚಿದರು. ಒಂದೊಂದೇ ಹಾಳೆ ತಿರುವಿ, ಬೆರಳಿಟ್ಟು ಹುಡುಕಿ, "ಇಲ್ಲ ಮೇಡಂ. ಇರಬೇಕಿತ್ತು," ಅಂದರು. ಅಷ್ಟು ಹೇಳಿ ಗೇಟು ದಾಟಿ ಹೋದರು. ಸಂಜೆ ಬೇಲೂರಿನ ಬಸ್ಸಿನಲ್ಲಿ ಕೂತು ನಾನು ಒಬ್ಬಳೇ ನಗುತ್ತಿದ್ದುದನ್ನು ಕಂಡು ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು.

ದಸರಾ ರಜೆ ಮುಗಿದ ಮೊದಲ ಶನಿವಾರ, ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಅವರು ಮತ್ತೆ ಬಂದರು. ಹಗರೆಯಲ್ಲಿ ಬಸ್ಸಿಳಿದು, ಎರಡು ಕಿಲೋಮೀಟರ್ ಮಣ್ಣಿನ ದಾರಿ ನಡೆದು ಬಂದಿದ್ದರು. ಪ್ಯಾಂಟಿನ ತುಂಬ ಧೂಳು.

"ಇನ್ಸ್‌ಪೆಕ್ಷನ್ನಾ ಸರ್?"

"ಅಲ್ಲ. ನಮ್ಮ ಕಡೆಯವರು ಹನ್ನೊಂದು ಜನ ಇದ್ದಾರೆ ಇಲ್ಲಿ. ಅವರನ್ನ ನೋಡೋಕೆ ಬಂದೆ."

ಆಮೇಲೆ ಪ್ರತಿ ಶನಿವಾರವೂ ಬಂದರು. ಎಡಗೈಯ ಹನ್ನೊಂದು ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಸೋಪಿನ ಕಾಗದ, ಬಸ್ಸಿನ ಟಿಕೆಟ್ಟು, ಮದುವೆ ಕರೆಯೋಲೆ, ಏನು ಸಿಕ್ಕರೆ ಅದನ್ನು ಓದಿಸಿದರು. ಎಲ್ಲರಿಗಿಂತ ಹಿಂದಿದ್ದವಳು ದಿವ್ಯಾ. ಅಜ್ಜಿ ರಂಗಮ್ಮನ ಜೊತೆ ಬೆಳೆದ ಹುಡುಗಿ. ಇಡೀ ಪಾಠವನ್ನು ಕೇಳಿಯೇ ಬಾಯಿಪಾಠ ಮಾಡಿ, ಪುಸ್ತಕ ಹಿಡಿದು ಓದಿದಂತೆ ಒಪ್ಪಿಸುತ್ತಿದ್ದಳು. ನಾನು ಒಂದೂವರೆ ವರ್ಷ ಮೋಸಹೋಗಿದ್ದೆ. ಇಂದ್ರೇಶ್ ಎರಡನೇ ಶನಿವಾರಕ್ಕೇ ಹಿಡಿದರು. ಬೈಯಲಿಲ್ಲ. ಮನೆಯಿಂದ ರೇಷನ್ ಕಾರ್ಡ್ ತರಲು ಹೇಳಿದರು. ಮೂರು ವಾರ ಕಳೆದ ಮೇಲೆ ಒಂದು ದಿನ ಆ ಕಾರ್ಡಿನ ಮೇಲೆ ಬೆರಳಿಟ್ಟುಕೊಂಡು ದಿವ್ಯಾ ಕೂಗಿದಳು.

"ಮಿಸ್, ಇಲ್ಲಿ ರಂಗಮ್ಮ ಅಂತ ಐತೆ! ನಮ್ಮಜ್ಜಿ ಐತೆ ಇಲ್ಲಿ!"

ಇಂದ್ರೇಶ್ ಮುಖ ಪಕ್ಕಕ್ಕೆ ತಿರುಗಿಸಿ ಕನ್ನಡಕ ಒರೆಸಿಕೊಂಡರು. ನನಗೆ ಪ್ರೀತಿ ಬಂದದ್ದು ಅವತ್ತು. ತಾರೀಖು ಬೇಕಾದರೂ ಹೇಳುತ್ತೇನೆ, ನವೆಂಬರ್ ಹದಿನಾರು.

ಹಗರೆಯ ಬಸ್‌ಸ್ಟಾಪಿನಲ್ಲಿ ನನ್ನ ಬಸ್ಸು ಬೇಲೂರಿನ ಕಡೆಗೆ, ಅವರದು ಹಾಸನದ ಕಡೆಗೆ. ರಸ್ತೆ ದಾಟಿ ಆಚೆ ನಿಲ್ಲಬೇಕಾದವರು ಈಚೆಯೇ ನಿಂತು, ಟೀ ಆರಿಸಿ ಆರಿಸಿ ಕುಡಿಯುತ್ತ ಎರಡು ಬಸ್ಸು ಬಿಟ್ಟುಬಿಡುತ್ತಿದ್ದರು.

"ನಿಮ್ಮ ಬಸ್ ಹೋಯ್ತು ಸರ್."

"ಹೌದಾ? ನೋಡಲೇ ಇಲ್ಲ."

"ಅಷ್ಟು ದೊಡ್ಡ ಕೆಂಪು ಬಸ್ಸು ಕಾಣಲಿಲ್ವಾ?"

"ನಾನು ಬೇರೆ ಕಡೆ ನೋಡ್ತಿದ್ದೆ," ಅನ್ನುತ್ತಿದ್ದರು, ನನ್ನ ಕಡೆಗೇ ನೋಡುತ್ತ.

ಡಿಸೆಂಬರಿನ ಒಂದು ಶನಿವಾರ ಮಕ್ಕಳು ಮನೆಗೆ ಹೋಗಿದ್ದರು. ಖಾಲಿ ತರಗತಿ, ಕಿಟಕಿಯಿಂದ ಬೆಂಚಿನ ಮೇಲೆ ಬಿಸಿಲು. ಅವರು ಅದೇ ಹಿಂದಿನ ಬೆಂಚಿನಲ್ಲಿ ಕೂತು ಚಪ್ಪಲಿಯ ಧೂಳು ಕೊಡವುತ್ತಿದ್ದರು. ನನಗೆ ಎಲ್ಲಿಂದ ಧೈರ್ಯ ಬಂತೋ, ಬೋರ್ಡಿನ ಮುಂದೆ ನಿಂತು ಟೀಚರ್ ದನಿ ತೆಗೆದೆ.

"ಒಂದು ಪ್ರಶ್ನೆ. ಈ ಸರ್ ಪ್ರತಿ ಶನಿವಾರ ಅಷ್ಟು ದೂರದಿಂದ ಬರೋದು ಬರೀ ಮಕ್ಕಳಿಗೋಸ್ಕರಾನಾ? ಗೊತ್ತಿದ್ದವರು ಕೈ ಎತ್ತಿ."

ಅವರು ತಲೆ ಎತ್ತಿದರು. ಆಮೇಲೆ ಬಲಗೈ ಎತ್ತಿದರು.

"ಎದ್ದು ನಿಂತು ಹೇಳಿ."

ನಿಂತರು. "ಅಲ್ಲ ಮಿಸ್."

ನನ್ನ ಕೈಯ ಸೀಮೆಸುಣ್ಣ ಪುಡಿಯಾಗಿತ್ತು. ಅವರು ಹತ್ತಿರ ಬರಲಿಲ್ಲ, ಬೆಂಚಿನಾಚೆಯೇ ನಿಂತರು. "ಉಷಾ, ಜನವರಿ ಮುಗೀಲಿ. ಬೇರೆಯವರನ್ನ ಕಳಿಸಿ ಅಂತ ಆಫೀಸಲ್ಲಿ ಕೇಳಿದೆ, ಜನ ಇಲ್ಲ ಅಂದ್ರು. ರಿಪೋರ್ಟ್ ಕೊಡೋವರೆಗೂ ನಾನು ಅಳೆಯೋನು, ನೀವು ಟೀಚರ್. ಕೊಟ್ಟ ಮಾರನೇ ದಿನ ನಿಮ್ಮಮ್ಮನ ಹತ್ತಿರ ಬರ್ತೀನಿ."

ಅಮ್ಮ ಮಹದೇವಮ್ಮನಿಗೆ ಅವತ್ತೇ ಹೇಳಿದೆ. ಮೂವತ್ತೊಂದು ವರ್ಷದ ಮಗಳ ಬಾಯಿಂದ ಕೊನೆಗೂ ಒಂದು ಗಂಡಿನ ಹೆಸರು ಬಂತೆಂದು ಅಮ್ಮ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದಳು.

ಎರಡನೇ ಸುತ್ತಿನ ನಿಯಮ ಸರಳವಾಗಿತ್ತು. ಏಳನೇ ತರಗತಿಯಲ್ಲಿ ಅವತ್ತು ಹಾಜರಿರುವ ಪ್ರತಿ ಮಗುವೂ ನಾಲ್ಕನೇ ತರಗತಿ ಪುಸ್ತಕದ ಒಂದು ಪುಟ ಓದಬೇಕು. ಒಬ್ಬರು ಓದದಿದ್ದರೂ ಸಿ. ಹಿಂದಿನ ದಿನ ಶಿವಕುಮಾರ್ ಸರ್ ಮುಂದೆ ಎಲ್ಲರಿಂದಲೂ ಓದಿಸಿದೆ. ಇಪ್ಪತ್ಮೂರು ಮಕ್ಕಳು ಓದಿದವು. ದಿವ್ಯಾ ಮಾತ್ರ 'ರಾಷ್ಟ್ರ' ಎಂಬಲ್ಲಿ ನಿಂತಳು. ಒತ್ತಕ್ಷರದ ಮೇಲೆ ಒತ್ತಕ್ಷರ. ಬೆರಳು ಅಲ್ಲೇ ನಿಂತಿತು, ತುಟಿ ಅಲ್ಲಾಡಿತು, ದನಿ ಬರಲಿಲ್ಲ.

"ನಾಳೆ ಒಂದಿನ ಮಟ್ಟಿಗೆ..." ಅಂದ ಶಿವಕುಮಾರ್ ಸರ್ ಮಾತು ನುಂಗಿಕೊಂಡರು. ಅದನ್ನು ಪೂರ್ತಿ ಮಾಡಿದವಳು ನಾನು. ತಪ್ಪನ್ನು ಅವರ ತಲೆಗೆ ಕಟ್ಟುವುದಿಲ್ಲ.

ದಿವ್ಯಾಳನ್ನು ಜಗಲಿಗೆ ಕರೆದೆ. "ನಾಳೆ ನೀನು ಬರಬೇಡ ಪುಟ್ಟಿ. ಅಜ್ಜಿ ಜೊತೆ ಮನೇಲಿರು."

"ಯಾಕ್ ಮಿಸ್? ನಾಳೆ ಇಂದ್ರೇಸ್ ಸಾರ್ ಬತ್ತಾರಲ್ವಾ?"

"ನಿಂಗೆ ಜ್ವರ ಬಂದ ಹಾಗಿದೆ."

ಅವಳು ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. ಟೀಚರ್ ಹೇಳಿದ ಮೇಲೆ ಇದ್ದರೂ ಇರಬಹುದು ಎಂದುಕೊಂಡಳೋ ಏನೋ, "ಊ ಮಿಸ್," ಅಂದಳು.

ಶಾಲೆಗೋಸ್ಕರ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಸಿ ಬಂದರೆ ನಮ್ಮ ಶಾಲೆ ಮುಚ್ಚುವುದು ಇಂದ್ರೇಶರ ಸಹಿಯಿಂದ. ಆ ಸಹಿ ಹಾಕಿದ ಮನುಷ್ಯ ಮಾರನೇ ದಿನ ನಮ್ಮ ಮನೆಗೆ ಹೇಗೆ ಬಂದಾರು? ನಾನು ದಿವ್ಯಾಳನ್ನು ಮನೆಗೆ ಕಳಿಸಿದ್ದು ನನ್ನ ಮದುವೆಗೋಸ್ಕರ.

ಮಾರನೇ ದಿನ ಇಂದ್ರೇಶ್ ಬಂದರು. ಇಪ್ಪತ್ಮೂರು ಮಕ್ಕಳು ಓದಿದರು. ಎಡಗೈಯವರು ಹತ್ತು ಮಂದಿಯೂ ತಡವರಿಸುತ್ತ, ಬೆವರುತ್ತ, ಕೊನೆಯ ಸಾಲು ಮುಟ್ಟಿದರು. ಒಬ್ಬೊಬ್ಬರು ಮುಗಿಸಿದಾಗಲೂ ಅವರು ಮೇಜಿನ ಕೆಳಗೆ ಬೆರಳು ಮಡಚುತ್ತಿದ್ದರು. ಹತ್ತಕ್ಕೆ ನಿಂತಿತು.

"ದಿವ್ಯಾ?"

"ಜ್ವರ ಸರ್," ಅಂದೆ. ನನ್ನ ದನಿ ನಡುಗಲಿಲ್ಲ, ಅದೇ ನನಗೆ ಇವತ್ತಿಗೂ ನಾಚಿಕೆ.

ಅವರ ಮುಖ ಚಿಂತೆಯಿಂದ ಬಾಡಿತು. "ಪಾಪ. ಊಟದ ಬಿಡುವಲ್ಲಿ ಮನೆಗೇ ಹೋಗಿ ನೋಡ್ಕೊಂಡು ಬರ್ತೀನಿ," ಎಂದರು. ನಾನು ತಡೆಯುವ ಹೊತ್ತಿಗೆ ಗೇಟು ದಾಟಿದ್ದರು.

ಮನೆಯವರೆಗೆ ಹೋಗಬೇಕಾಗಲಿಲ್ಲ. ದಾರಿಯಲ್ಲೇ, ಕೆರೆ ಏರಿಯ ಮೇಲೆ ದಿವ್ಯಾ ಕೂತಿದ್ದಳು. ಯೂನಿಫಾರ್ಮ್ ಹಾಕಿ, ಎರಡು ಜಡೆಗೂ ರಿಬ್ಬನ್ ಕಟ್ಟಿ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು.

ಅವರು ವಾಪಸ್ ಬಂದಾಗ ನನ್ನ ಕಡೆ ನೋಡಲಿಲ್ಲ. ಆಫೀಸ್ ರೂಮಿನಲ್ಲಿ ಕೂತು ಫಾರಂ ತುಂಬಿದರು, ಸಹಿ ಮಾಡಿದರು, ನಡೆದರು. ಕೊನೆಯ ಬೆಲ್ ಹೊಡೆದದ್ದೇ ನಾನು ಆ ಎರಡು ಕಿಲೋಮೀಟರನ್ನು ಹೆಚ್ಚುಕಮ್ಮಿ ಓಡಿದೆ. ಅವರು ಹಗರೆಯ ಬಸ್‌ಸ್ಟಾಪಿನಲ್ಲೇ ಇದ್ದರು, ರಸ್ತೆಯ ಆಚೆ ಬದಿ. ಈ ಸಲ ದಾಟಿದವಳು ನಾನು.

"ಬಿ ಗ್ರೇಡು," ಅಂದರು. "ಶಾಲೆ ಉಳೀತು."

"ಇಂದ್ರೇಶ್, ನಾನು..."

"ಕೆರೆ ಏರಿ ಮೇಲೆ ನಂಗೆ ಓದಿ ತೋರಿಸಿದ್ಲು. ರಾಷ್ಟ್ರದ ಹತ್ತಿರ ನಿಂತ್ಲು. ಉಗುಳು ನುಂಗಿದ್ಲು. ಆಮೇಲೆ ಓದಿದ್ಲು ಉಷಾ. ಕೊನೇವರೆಗೂ ಓದಿದ್ಲು."

ರಸ್ತೆಬದಿಯ ಕಲ್ಲಿನ ಮೇಲೆ ಕೂತೆ.

"ನೀವು ನಡೆದದ್ದು ನಡೆದ ಹಾಗೆ ಬರೀಬೇಕಿತ್ತು," ಅಂದೆ. "ನನ್ನ ಹೆಸರು ಹಾಕಿ ಬರೀಬೇಕಿತ್ತು."

"ಬೆಳಿಗ್ಗೆ ಹಾಜರಿ ಮುಗಿದ ಮೇಲೆ ಅವಳನ್ನ ಸೇರಿಸಬೇಕಂದ್ರೆ ಯಾಕೆ ಬರಲಿಲ್ಲ ಅಂತ ಬರೀಲೇಬೇಕು. ಪೆನ್ನು ಹಿಡಿದೆ. ಬರೆದರೆ ನೀವು ಸಸ್ಪೆಂಡ್ ಆಗ್ತಿದ್ರಿ, ಆ ಹೆಣ್ಮಕ್ಕಳೆಲ್ಲ ಮನೇಲಿ ಕೂರ್ತಿದ್ರು. ಕೈ ಬರಲಿಲ್ಲ. ಗೈರುಹಾಜರಿ ಒಂದು, ಕಾರಣ ಜ್ವರ ಅಂತ ಬರೆದೆ." ಬಸ್ಸು ಬರುವ ದಿಕ್ಕಿಗೆ ತಿರುಗಿದರು. "ನೀವು ಅವಳನ್ನ ಒಂದು ಸಲ ಮನೆಗೆ ಕಳಿಸಿದ್ರಿ. ನಾನು ಎರಡನೇ ಸಲ ಕಳಿಸಿದೆ. ಹಾರನಹಳ್ಳಿ ಮೇಷ್ಟ್ರನ್ನ ಇಪ್ಪತ್ತೈದು ವರ್ಷ ಮನಸ್ಸಲ್ಲೇ ಬೈಕೊಂಡು ಬಂದೋನು ನಾನು. ಇವತ್ತು ಸಹಿ ಮಾಡುವಾಗ ನಾನೇ ಅವರಾಗಿದ್ದೆ."

"ನಾನು ಮಾಡಿದ್ದು ನಮ್ಮಿಬ್ಬರಿಗೋಸ್ಕರ."

"ಗೊತ್ತು. ನಾನು ಮಾಡಿದ್ದೂ ಅದಕ್ಕೇ. ಅದಕ್ಕೇ ನಿಮ್ಮ ಜೊತೆ ಹೇಗೆ ಇರ್ಲಿ ಹೇಳಿ? ದಿನಾ ಬೆಳಿಗ್ಗೆ ನಿಮ್ಮ ಮುಖ ನೋಡಿದರೆ ಆ ರಿಬ್ಬನ್ನು ಕಾಣುತ್ತೆ."

ದೂರದಲ್ಲಿ ಬಸ್ಸು ಕಂಡಿತು. ಅದೇ ದೊಡ್ಡ ಕೆಂಪು ಬಸ್ಸು. ಈ ಸಲ ಅವರಿಗೆ ಕಂಡಿತು.

"ಒಂದೇ ಒಂದು ಪ್ರಶ್ನೆ," ಅಂದೆ. ಟೀಚರ್ ದನಿ ಬರಲಿಲ್ಲ, ಅಳು ಬಂತು. "ಯಾವತ್ತಾದ್ರೂ ನನ್ನ ಕ್ಷಮಿಸೋಕಾಗುತ್ತಾ ನಿಮಗೆ?"

ಅವರು ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕೂತರು. ಬಸ್ಸು ಹೊರಡುವಾಗ ನನ್ನ ಕಡೆ ತಿರುಗಿ, ಮೊದಲ ದಿನದ ಹಾಗೇ ನಿಧಾನವಾಗಿ ಕೈ ಎತ್ತಿದರು.

ಎಡಗೈ.

ಮರುದಿನ ದಿವ್ಯಾ ತರಗತಿಯ ಬಾಗಿಲಲ್ಲೇ ನಿಂತು, "ಜ್ವರ ಹೋಯ್ತಾ ಮಿಸ್? ಒಳಿಕ್ ಬರ್ಲಾ?" ಎಂದು ಕೇಳಿದಳು. ಎಲ್ಲ ಮಕ್ಕಳ ಎದುರಿಗೆ ಅವಳ ಮುಂದೆ ಮಂಡಿಯೂರಿ, ನಿನಗೆ ಜ್ವರ ಇರಲಿಲ್ಲ, ನಾನು ಸುಳ್ಳು ಹೇಳಿದೆ ಎಂದೆ. ಅವಳನ್ನು ಮೊದಲ ಬೆಂಚಿಗೆ ಕರೆತಂದೆ. ಈಗ ನಮ್ಮ ತರಗತಿಯಲ್ಲಿ ಬಲಗೈ ಎಡಗೈ ಆಟವಿಲ್ಲ. ಗೊತ್ತಿಲ್ಲದವರು ಕೈ ಎತ್ತುತ್ತಾರೆ, ನಾನು ಅವರ ಹೆಸರನ್ನೇ ಮೊದಲು ಕರೆಯುತ್ತೇನೆ. ಶನಿವಾರ ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಗೇಟಿನ ಕಡೆ ನೋಡುತ್ತೇನೆ. ಅವರು ಬೇರೆ ಜಿಲ್ಲೆಗೆ ವರ್ಗ ಕೇಳಿ ಪಡೆದರೆಂದು ಶಿವಕುಮಾರ್ ಸರ್ ಹೇಳಿದರು.

ಇದನ್ನು ಅಮ್ಮನಿಗೆ ನಾನಿನ್ನೂ ಹೇಳಿರಲಿಲ್ಲ. ಯುಗಾದಿಯ ಹಿಂದಿನ ದಿನ ಅಡುಗೆಮನೆಯಲ್ಲಿ ಒಬ್ಬಟ್ಟಿಗೆ ಬೇಳೆ ತೊಳೆಯುತ್ತ ಅಮ್ಮ ಕೇಳಿದಳು.

"ರಿಪೋರ್ಟ್ ಕೊಟ್ಟ ಮಾರನೇ ದಿನ ಬರ್ತೀನಿ ಅಂದಿದ್ರಲ್ಲೇ. ಯಾವಾಗ ಬರ್ತಾರೆ ಅವರು?"

ನನಗೇ ಅರಿವಿಲ್ಲದಂತೆ ನನ್ನ ಎಡಗೈ ಮೇಲೆದ್ದಿತು.

ಅಮ್ಮ ನನ್ನ ಕೈಯನ್ನೂ ಅದರ ಮೇಲಿದ್ದ ಅಟ್ಟಣಿಗೆಯನ್ನೂ ನೋಡಿದಳು. "ಬೆಲ್ಲದ ಡಬ್ಬಾನಾ? ನಿಂಗೆ ಎಟುಕಲ್ಲ ಕಣೇ, ಇರು, ನಾನೇ ಇಳಿಸ್ತೀನಿ," ಎಂದು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.